‘2045ಕ್ಕೆ ನೆಟ್ ಝೀರೋ’ ಅಂತಾರೆ, ಅದಕ್ಕೆ ನಮ್ಮ ಕರೆಂಟ್ ಬಿಲ್ ಯಾಕೆ ಬೇಕು?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ ಸರ್. ಆರು ಸಿಎನ್‌ಸಿ, ಎರಡು ಡ್ರಿಲ್ಲಿಂಗ್ ಮಷೀನ್, ಹದಿನಾಲ್ಕು ಮಂದಿ ಕೆಲಸಗಾರರು. ವಾಹನ ಕಂಪನಿಗೆ ಬಿಡಿಭಾಗ ಕೊಡುವ ಒಬ್ಬರಿಗೆ ಜಾಬ್ ವರ್ಕ್ ಮಾಡ್ತೀವಿ. ಹೋದ ತಿಂಗಳು ಅವರು ನಾಲ್ಕು ಹಾಳೆಯ ಫಾರ್ಮ್ ಕಳಿಸಿದ್ದಾರೆ. ಕರೆಂಟ್ ಎಷ್ಟು, ಡೀಸೆಲ್ ಎಷ್ಟು, ನೀರೆಷ್ಟು, ಸ್ಕ್ರಾಪ್ ಎಷ್ಟು, ಎಲ್ಲಾ ಬರೆಯಬೇಕಂತೆ. ಮೀಟಿಂಗ್‌ನಲ್ಲಿ ಕಂಪನಿಯವರು ‘ನೆಟ್ ಝೀರೋ’ ಅಂತ ಹಸಿರು ಹಸಿರು ಚಿತ್ರ ತೋರಿಸಿದರು. ನನ್ನ ಮಗ ಇದೆಲ್ಲ ತೋರಿಕೆ ಅಂತಾನೆ. ಈ ಗುರಿಗಳು ಖರೇನಾ? ನಾವು ಸುಮ್ನೆ ಅಂದಾಜಿನ ಮೇಲೆ ಬರೆದುಕೊಟ್ಟರೆ ನಡೆಯುತ್ತಾ? ಇದನ್ನೇ ನೋಡಿ ನಾಳೆ ರೇಟ್ ಕಡಿಮೆ ಮಾಡಿದರೆ ಏನು ಮಾಡೋದು?

ಉತ್ತರ:

ಅಂದಾಜಿನ ಮೇಲೆ ಬರೆಯಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಿಮ್ಮ ಮಗನ ಮಾತಿನಲ್ಲಿ ಅರ್ಧ ಸರಿ ಇದೆ. ಉಳಿದರ್ಧ ಸರಿಯೋ ತಪ್ಪೋ ಅನ್ನೋದು ನಿಮ್ಮಂಥ ಶಾಪ್‌ಗಳು ಏನು ಬರೆದುಕೊಡುತ್ತವೆ ಅನ್ನೋದರ ಮೇಲೆ ನಿಂತಿದೆ.

ಗುರಿಯ ವಿಷಯ ಮೊದಲು ನೋಡೋಣ. ನೆಟ್ ಝೀರೋ ಅಂದರೆ ಹೊಗೆಯನ್ನು ಆದಷ್ಟು ಇಳಿಸಿ, ಉಳಿದಷ್ಟನ್ನು ಗಾಳಿಯಿಂದ ವಾಪಸ್ ತೆಗೆದು ಲೆಕ್ಕವನ್ನು ಸೊನ್ನೆಗೆ ತರೋದು. ಇಲ್ಲಿ ಹೊಗೆ ಅಂದರೆ ಇಂಗಾಲದ ಡೈಆಕ್ಸೈಡ್‌ನಂಥ, ಭೂಮಿಯನ್ನು ಬಿಸಿ ಮಾಡುವ ಅನಿಲ. ನಮ್ಮ ಧಾರವಾಡದಲ್ಲೇ ಕಾರ್ಖಾನೆ ಇರುವ ಟಾಟಾ ಮೋಟರ್ಸ್ ಕಾರುಗಳ ವಿಭಾಗಕ್ಕೆ 2040, ಲಾರಿ-ಬಸ್ ವಿಭಾಗಕ್ಕೆ 2045 ಅಂತ ನೆಟ್ ಝೀರೋ ಗುರಿ ಇಟ್ಟುಕೊಂಡಿತು. ಕಾರ್ಖಾನೆಗಳಿಗೆ ಬೇಕಾದ ಕರೆಂಟನ್ನೆಲ್ಲ 2030ರೊಳಗೆ ಸೌರ, ಗಾಳಿಯಂಥ ಮೂಲಗಳಿಂದಲೇ ತಗೋತೀವಿ ಅಂತ 2022ರಲ್ಲಿ ಆರ್‌ಇ100 ಅನ್ನೋ ಒಕ್ಕೂಟಕ್ಕೂ ಸೇರಿದೆ. ಮಹೀಂದ್ರಾ 2040 ಅಂತ ಹೇಳಿದೆ, ಅಶೋಕ್ ಲೇಲ್ಯಾಂಡ್ 2048 ಅಂತ. ಇವು ಯಾವುದೂ ಸರ್ಕಾರ ಹೇರಿದ ಗುರಿ ಅಲ್ಲ, ಕಂಪನಿಗಳು ತಾವಾಗಿಯೇ ಹೇಳಿಕೊಂಡದ್ದು. ತಪ್ಪಿದರೆ ದಂಡ ಹಾಕುವವರು ಯಾರೂ ಇಲ್ಲ. ಅದಕ್ಕೇ ಓದುವಾಗ ನಾವು ಹುಷಾರಾಗಿರಬೇಕು.

ತಾನಾಗಿ ಮಾಡಿದ್ದು ಯಾವುದು, ಕಾನೂನಿಗಾಗಿ ಮಾಡಿದ್ದು ಯಾವುದು ಅಂತ ಬೇರೆ ಮಾಡಿ ನೋಡಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 (ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿ) ಇಲ್ಲದ ಹೊಸ ವಾಹನ ಮಾರುವಂತೆಯೇ ಇಲ್ಲ. ಕಾರು ಕಂಪನಿಗಳಿಗೆ ಕೆಫೆ ಅನ್ನೋ ನಿಯಮವೂ ಇದೆ. ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ತೆಗೆದರೆ ಕಿಲೋಮೀಟರಿಗೆ ಇಷ್ಟೇ ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡಬೇಕು ಅಂತ ಅದು ಹೇಳುತ್ತದೆ. ಮೊದಲು 130 ಗ್ರಾಂ ಇತ್ತು, 2022-23ರಿಂದ 113ಕ್ಕೆ ಇಳಿಯಿತು. ಹಾಗಾಗಿ ಯಾವುದೇ ಕಂಪನಿಯ ವರದಿಯಲ್ಲಿ ‘ನಮ್ಮ ಎಲ್ಲ ವಾಹನ ಬಿಎಸ್6’ ಅನ್ನೋದು ಪರಿಸರ ಸಾಧನೆಯ ಪಟ್ಟಿಯಲ್ಲಿದ್ದರೆ ಅದನ್ನು ಬದಿಗಿಡಿ. ಅದು ಮಾಡಲೇಬೇಕಾದ ಕೆಲಸ. ಅದನ್ನು ಬಿಟ್ಟು ಉಳಿದದ್ದನ್ನು ನೋಡಿ.

ಗುರಿ ಅಂದರೆ ಅದಕ್ಕೆ ಮೂರು ಕಾಲು ಇರಬೇಕು. ಯಾವ ವರ್ಷಕ್ಕೆ ಹೋಲಿಸಿ, ಯಾವ ವರ್ಷದೊಳಗೆ, ಎಷ್ಟು. ಇದರಲ್ಲಿ ಒಂದಿಲ್ಲದಿದ್ದರೂ ಅದು ಬರೀ ಆಸೆ. ಚೆನ್ನಾಗಿ ಬರೆದ ಗುರಿಗೆ ಉದಾಹರಣೆ ಬೇಕು ಅಂದರೆ ಟಾಟಾದವರದೇ ಜಾಗ್ವಾರ್ ಲ್ಯಾಂಡ್ ರೋವರ್ ನೋಡಿ. 2019-20ಕ್ಕೆ ಹೋಲಿಸಿ 2030ರೊಳಗೆ ತನ್ನ ಕಾರ್ಖಾನೆ-ಕಚೇರಿಗಳ ಹೊಗೆಯನ್ನು ಒಟ್ಟು ಲೆಕ್ಕದಲ್ಲಿ 46% ಇಳಿಸುತ್ತೇನೆ ಅಂತಿದೆ. ಬಿಡಿಭಾಗದಿಂದ ಹಿಡಿದು ರಸ್ತೆಯ ಮೇಲೆ ಓಡುವವರೆಗಿನ ಲೆಕ್ಕವನ್ನು ವಾಹನಕ್ಕೆ ಸರಾಸರಿ 54% ಇಳಿಸುತ್ತೇನೆ ಅಂತಿದೆ. ಈ ಗುರಿಗಳನ್ನು ಎಸ್‌ಬಿಟಿಐ ಅನ್ನೋ ಹೊರಗಿನ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಮುಟ್ಟುತ್ತಾರೋ ಇಲ್ಲವೋ ಅದು ಬೇರೆ ಮಾತು. ಆದರೆ 2030ಕ್ಕೆ ಯಾರು ಬೇಕಾದರೂ ಲೆಕ್ಕ ಕೇಳಬಹುದು, ಅಲ್ವಾ?

ಈಗ ಆ ವಾಕ್ಯವನ್ನೇ ಇನ್ನೊಮ್ಮೆ ಓದಿ. ‘ಒಟ್ಟು ಲೆಕ್ಕದಲ್ಲಿ’ ಅಂತ ಒಂದು ಕಡೆ ಇದೆ, ‘ವಾಹನಕ್ಕೆ ಸರಾಸರಿ’ ಅಂತ ಇನ್ನೊಂದು ಕಡೆ ಇದೆ. ಇವೆರಡರ ನಡುವೆ ಬಹಳ ಅಂತರ ಇದೆ. ಒಂದು ಕಂಪನಿ ವರ್ಷಕ್ಕೆ 100 ವಾಹನ ಮಾಡುತ್ತಿತ್ತು, ಒಂದಕ್ಕೆ 1 ಟನ್ ಹೊಗೆ ಅಂತ ಇಟ್ಟುಕೊಳ್ಳಿ. ಒಟ್ಟು 100 ಟನ್. ಐದು ವರ್ಷದ ಮೇಲೆ ಒಂದು ವಾಹನಕ್ಕೆ 0.8 ಟನ್‌ಗೆ ಇಳಿಸಿದರು. ವರದಿಯಲ್ಲಿ ‘20% ಇಳಿಕೆ’ ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಆದರೆ ಅಷ್ಟರಲ್ಲಿ ಮಾರಾಟ 150ಕ್ಕೆ ಏರಿದೆ. ಒಟ್ಟು 120 ಟನ್ ಆಯಿತು. ಎರಡೂ ಲೆಕ್ಕ ಖರೇನೇ. ಗಾಳಿಗೆ ಹೋದದ್ದು ಮಾತ್ರ ಜಾಸ್ತಿಯಾಯಿತು. ನಮ್ಮ ದೇಶದಲ್ಲಿ ಉದ್ದಿಮೆ ಬೆಳೆಯುತ್ತಿರುವಾಗ ವಾಹನಕ್ಕಿಷ್ಟು ಅನ್ನುವ ಲೆಕ್ಕವನ್ನು ನಾನು ತಪ್ಪು ಅನ್ನೋದಿಲ್ಲ. ಕೆಲಸದ ಜಾಣತನ ಎಷ್ಟು ಸುಧಾರಿಸಿತು ಅಂತ ಅದರಿಂದಲೇ ಗೊತ್ತಾಗೋದು. ಪಕ್ಕದಲ್ಲಿ ಒಟ್ಟು ಲೆಕ್ಕವನ್ನೂ ಬರೆದಿರಬೇಕು, ಅಷ್ಟೇ ನನ್ನ ತಕರಾರು.

ಮಹೀಂದ್ರಾದ್ದೂ ಇಂಥದ್ದೇ ಒಂದು ಲೆಕ್ಕ ಇದೆ. 2016ರಲ್ಲಿ ಅವರು ಇಪಿ100 ಅನ್ನೋ ಒಕ್ಕೂಟಕ್ಕೆ ಸೇರಿ, ಬಳಸುವ ಶಕ್ತಿಯ ಒಂದೊಂದು ಪಾಲಿಗೂ ಎರಡು ಪಟ್ಟು ಉತ್ಪಾದನೆ ತೆಗೆಯುತ್ತೇವೆ, 2030ರೊಳಗೆ, ಅಂದರು. ವಾಹನ ವಿಭಾಗ 2018ರಲ್ಲೇ ಅದನ್ನು ಮುಟ್ಟಿತು ಅಂತ ಕಂಪನಿ ಹೇಳಿತು. ಇದು ಸಣ್ಣ ಕೆಲಸ ಅಲ್ಲ. ಮೋಟರ್, ಲೈಟು, ಕಂಪ್ರೆಸರ್, ಪೇಂಟ್ ಶಾಪಿನ ಬಿಸಿಗಾಳಿ, ಇಂಥ ನೂರು ಕಡೆ ಕೈ ಹಾಕದೆ ಅದು ಆಗೋದಿಲ್ಲ. ಒಕ್ಕೂಟಕ್ಕೆ ಸೇರಿದ 2016ರಲ್ಲೇ ಅವರು ಇಂಗಾಲದ ಒಂದೊಂದು ಟನ್‌ಗೂ 10 ಡಾಲರ್ ಅಂತ ಒಳಗಿನ ದರ ಕಟ್ಟಿಕೊಂಡರು. ಹೊಸ ಮಷೀನು ತಗೊಳ್ಳುವಾಗ ಹೊಗೆಗೂ ಬೆಲೆ ಹಿಡಿದು ಲೆಕ್ಕ ಹಾಕೋದು ಅಂತ ಅರ್ಥ. ನನಗೆ ಈ ಪದ್ಧತಿ ಬಹಳ ಹಿಡಿಸಿತು. ಮಾತು ಖರೀದಿ ವಿಭಾಗದವರ ಟೇಬಲ್ ತನಕ ಬಂದರೆ ಮಾತ್ರ ಕೆಲಸ ಆಗುತ್ತದೆ.

ಇನ್ನು ನಿಮ್ಮ ಫಾರ್ಮ್‌ಗೆ ಬರೋಣ.

ಹೊಗೆಯ ಲೆಕ್ಕವನ್ನು ಮೂರು ಖಾತೆಯಲ್ಲಿ ಬರೆಯುತ್ತಾರೆ. ಸ್ಕೋಪ್ 1 ಅಂದರೆ ತನ್ನ ಆವರಣದಲ್ಲೇ ಸುಟ್ಟದ್ದು, ಜನರೇಟರ್ ಡೀಸೆಲ್, ಫರ್ನೇಸ್ ಗ್ಯಾಸು. ಸ್ಕೋಪ್ 2 ಅಂದರೆ ಹೊರಗಿಂದ ಕೊಂಡ ಕರೆಂಟು, ಅದಕ್ಕಾಗಿ ಬೇರೆಲ್ಲೋ ಸುಟ್ಟ ಕಲ್ಲಿದ್ದಲು. ಸ್ಕೋಪ್ 3 ಅಂದರೆ ಉಳಿದದ್ದೆಲ್ಲ. ಹಿಂದೆ ಉಕ್ಕು, ಟೈರು, ಬಿಡಿಭಾಗ ಮಾಡಿದವರ ಹೊಗೆ. ಮುಂದೆ ಮಾರಿದ ವಾಹನ ರಸ್ತೆ ಮೇಲೆ ಬಿಡುವ ಹೊಗೆ. ವಾಹನ ಕಂಪನಿಗೆ ಈ ಮೂರನೇ ಖಾತೆಯೇ ಬೆಟ್ಟದಷ್ಟಿರುತ್ತದೆ. ನಮ್ಮ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವ ಒಂದು ದೊಡ್ಡ ಲಾರಿ ತಗೊಳ್ಳಿ. ಲೀಟರಿಗೆ 4 ಕಿಲೋಮೀಟರ್, ವರ್ಷಕ್ಕೆ 80,000 ಕಿಲೋಮೀಟರ್ ಅಂದರೆ 20,000 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಸುಟ್ಟರೆ 2.68 ಕಿಲೋ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 53 ಟನ್ ದಾಟಿತು, ಹತ್ತು ವರ್ಷಕ್ಕೆ 530ಕ್ಕಿಂತ ಜಾಸ್ತಿ. ಆ ಲಾರಿ ಜೋಡಿಸುವಾಗ ಕಾರ್ಖಾನೆಯಲ್ಲಿ ಉರಿದ ಕರೆಂಟಿನ ಲೆಕ್ಕ ಇದರ ಹತ್ತಿರಕ್ಕೂ ಬರೋದಿಲ್ಲ. ಆದ್ದರಿಂದ ಯಾವ ಕಂಪನಿಯಾದರೂ ‘ನಮ್ಮ ಕಾರ್ಖಾನೆ ಕಾರ್ಬನ್ ನ್ಯೂಟ್ರಲ್’ ಅಂದರೆ ಸಂತೋಷ ಪಡಿ, ಆದರೆ ಲಾರಿಯ ಹೊಗೆ ಲೆಕ್ಕದ ಒಳಗಿದೆಯೋ ಹೊರಗಿದೆಯೋ ಅಂತ ತಪ್ಪದೆ ಕೇಳಿ.

ನಿಮ್ಮ ಶಾಪ್ ಇರೋದು ಈ ಮೂರನೇ ಖಾತೆಯ ಹಿಂಬದಿಯಲ್ಲಿ. ನಿಮ್ಮ ಕರೆಂಟ್ ಬಿಲ್ ನಿಮಗೆ ಸ್ಕೋಪ್ 2, ಕಂಪನಿಗೆ ಸ್ಕೋಪ್ 3. ಅದಕ್ಕೇ ಕೇಳುತ್ತಿದ್ದಾರೆ.

ಇಲ್ಲಿ ನಾನು ಕಣ್ಣಾರೆ ಕಂಡದ್ದೊಂದು ಹೇಳಬೇಕು. ಕೆಲವು ವರ್ಷದ ಹಿಂದೆ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಶಕ್ತಿ ಲೆಕ್ಕ ಪರಿಶೋಧನೆಗೆ ಹೋಗಿದ್ದೆ. ಊರು, ಹೆಸರು ಬೇಡ. ಎರಡೇ ವರ್ಷದಲ್ಲಿ ಹೊಗೆ ಮೂರನೇ ಒಂದರಷ್ಟು ಇಳಿದಿದೆ ಅಂತ ಗೋಡೆ ಮೇಲೆ ಗ್ರಾಫ್ ಹಾಕಿದ್ದರು. ಏನು ಮಾಡಿದ್ರಿ ಅಂತ ಶಾಪಿನಲ್ಲಿ ಅಡ್ಡಾಡಿ ನೋಡಿದೆ. ಹೊಸ ಮಷೀನಿಲ್ಲ, ಸೌರ ಫಲಕ ಇಲ್ಲ. ಹೀಟ್ ಟ್ರೀಟ್‌ಮೆಂಟ್, ಅಂದರೆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ ಫರ್ನೇಸ್ ಇದ್ದ ಜಾಗ ಖಾಲಿ ಇತ್ತು. ಕೆಲಸವನ್ನು ಹೊರಗಿನ ಸಣ್ಣ ಯೂನಿಟ್‌ಗೆ ಕೊಟ್ಟಿದ್ದರು. ಆ ಯೂನಿಟ್‌ನ ಫರ್ನೇಸ್ ಇದಕ್ಕಿಂತ ಹಳೇದು. ಅದೇ ಗೇರು, ಅದೇ ಬಿಸಿ, ಹೊಗೆ ಮಾತ್ರ ಇನ್ನೊಬ್ಬರ ಖಾತೆಗೆ ಹೋಗಿತ್ತು, ಅದೂ ಜಾಸ್ತಿಯಾಗಿ. ಅವರು ಸುಳ್ಳು ಬರೆದಿರಲಿಲ್ಲ. ಸ್ಕೋಪ್ 1 ಮತ್ತು 2 ಮಾತ್ರ ಬರೆದಿದ್ದರು. ಆವತ್ತು ಸಂಜೆ ಅಲ್ಲಿಂದ ಬರುವಾಗ ನನಗೆ ಬಹಳ ಬೇಜಾರಾಗಿತ್ತು, ಯಾಕೆಂದರೆ ಆ ಸಣ್ಣ ಯೂನಿಟ್‌ನವರನ್ನು ಯಾರೂ ಏನೂ ಕೇಳಿರಲೇ ಇಲ್ಲ.

ಈಗ ನಿಮ್ಮನ್ನು ಕೇಳುತ್ತಿದ್ದಾರೆ. ತಲೆನೋವು ಅನ್ನಿಸಿದರೂ ಇದು ಒಳ್ಳೆಯ ಸುದ್ದಿ ಅಂತಲೇ ನನ್ನ ಅಭಿಪ್ರಾಯ. ಕೇಳಲಿಲ್ಲ ಅಂದರೆ ಏನು ಮಾಡುತ್ತಾರೆ ಗೊತ್ತಾ? ಇಷ್ಟು ರೂಪಾಯಿಯ ಮಾಲು ಕೊಂಡರೆ ಇಷ್ಟು ಹೊಗೆ ಅಂತ ಒಂದು ಸರಾಸರಿ ಹಿಡಿದು ಲೆಕ್ಕ ಹಾಕುತ್ತಾರೆ. ಆಗ ನೀವು ಎಷ್ಟೇ ಚೊಕ್ಕವಾಗಿ ಶಾಪ್ ನಡೆಸಿದರೂ ಪಕ್ಕದ ಶೆಡ್ಡಿನವರೂ ನೀವೂ ಒಂದೇ. ನೀವು ಸುಮ್ನೆ ಅಂದಾಜು ಬರೆದುಕೊಟ್ಟರೂ ಅದೇ ಕಥೆ. ಮುಂದಿನ ವರ್ಷ ನಿಜವಾಗಿ ಉಳಿಸಿದರೂ ತೋರಿಸೋಕೆ ಬುಡವೇ ಇರೋದಿಲ್ಲ. ಇನ್ನೊಂದು ಮಾತು. ಷೇರು ಪೇಟೆಯ ದೊಡ್ಡ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ವರದಿ ಕೊಡಲೇಬೇಕು ಅಂತ ಸೆಬಿ ನಿಯಮ ಮಾಡಿದೆ. ಅದರಲ್ಲಿ ಕರೆಂಟು, ನೀರು, ಕಸ, ಹೊಗೆ ಎಲ್ಲ ಬರುತ್ತದೆ. ಗುರಿ ಕಂಪನಿಯ ಇಷ್ಟ, ಲೆಕ್ಕ ಕೊಡೋದು ಮಾತ್ರ ಕಡ್ಡಾಯ. ಹೊರಗಿನವರು ಬಂದು ಅಂಕಿ ಪರಿಶೀಲಿಸುವ ಕಾಲ ಬಂದಿದೆ. ಇವತ್ತು ನಿಮ್ಮ ಹಾಳೆಯನ್ನು ಯಾರೂ ತಿರುವಿ ನೋಡದಿರಬಹುದು, ನಾಳೆ ಬಿಲ್ಲು ತೋರಿಸಿ ಅಂತ ಕೇಳಬಹುದು.

ಲೆಕ್ಕ ಹಾಕೋದು ಕಷ್ಟ ಇಲ್ಲ. ಹೆಸ್ಕಾಂ ಬಿಲ್ ಹನ್ನೆರಡು ತಿಂಗಳದ್ದು ತೆಗೆದಿಡಿ. ತಿಂಗಳಿಗೆ 10,000 ಯೂನಿಟ್ ಅಂತ ಇಟ್ಟುಕೊಳ್ಳೋಣ. ದೇಶದ ಗ್ರಿಡ್ ಸರಾಸರಿ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಈ ಅಂಕಿ ಪ್ರಕಟಿಸುತ್ತದೆ, ಫಾರ್ಮ್ ತುಂಬುವಾಗ ಆ ವರ್ಷದ್ದನ್ನೇ ಹಾಕಿ. ಅಲ್ಲಿಗೆ ತಿಂಗಳಿಗೆ 7 ಟನ್. ಜನರೇಟರಿಗೆ ತಿಂಗಳಿಗೆ 200 ಲೀಟರ್ ಡೀಸೆಲ್ ಅಂದರೆ 536 ಕಿಲೋ. ಬಂಕಿನ ರಸೀದಿ ಬಿಸಾಕಬೇಡಿ.

ಸ್ಕ್ರಾಪ್ ಕಾಲಂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನು ಹಾರಿಸಿಬಿಡುತ್ತಾರೆ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ಮಾಡೋಕೆ ಸರಾಸರಿ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ನಿಮ್ಮಲ್ಲಿ ತಿಂಗಳಿಗೆ 2 ಟನ್ ಚಿಪ್ಸ್ (ಕೊರೆದಾಗ ಉದುರುವ ಉಕ್ಕಿನ ಚೂರು) ಬೀಳುತ್ತದೆ ಅಂದರೆ ಆ ಚಿಪ್ಸ್ ಆಗಿ ಹೋದ ಉಕ್ಕಿನ ಹಿಂದೆ 5 ಟನ್ ಇದೆ. ನಿಮ್ಮ ಇಡೀ ಕರೆಂಟಿನ ಲೆಕ್ಕದ ಹತ್ತಿರಕ್ಕೇ ಬಂತು. ಗುಜರಿಗೆ ಹೋಗಿ ಮತ್ತೆ ಉಕ್ಕಾಗುತ್ತದೆ, ನಿಜ, ಪೂರ್ತಿ ಹಾಳಾಗೋದಿಲ್ಲ. ಆದರೂ ಮೊದಲೇ ಸಣ್ಣ ಸೈಜಿನ ಬಾರ್ ಬಂದರೆ ಅಥವಾ ಆಕಾರಕ್ಕೆ ಹತ್ತಿರದ ಫೋರ್ಜಿಂಗ್ (ಕಾಯಿಸಿ ಒತ್ತಿ ರೂಪ ಕೊಟ್ಟ ತುಂಡು) ಬಂದರೆ ಉಕ್ಕೂ ಉಳಿಯಿತು, ನಿಮ್ಮ ಮಷೀನ್ ಟೈಮೂ ಉಳಿಯಿತು, ಟೂಲೂ ಉಳಿಯಿತು. ಆದರೆ ಜಾಬ್ ವರ್ಕ್‌ನಲ್ಲಿ ಮಾಲು ಕೊಡೋರು ಅವರು, ಸೈಜು ಹೇಳೋರು ಅವರು. ಹಾಗಾಗಿ ಚಿಪ್ಸ್‌ನ ತೂಕವನ್ನು ತಿಂಗಳಿಂದ ತಿಂಗಳಿಗೆ ಬರೆದಿಟ್ಟು, ಪಕ್ಕದಲ್ಲೇ ‘ಕಚ್ಚಾ ಮಾಲಿನ ಸೈಜು ನಮ್ಮ ಕೈಯಲ್ಲಿಲ್ಲ, ಇಷ್ಟು ಎಂಎಂ ಕಡಿಮೆ ಮಾಡಿದರೆ ಇಷ್ಟು ಕಿಲೋ ಉಳಿಯುತ್ತದೆ’ ಅಂತ ಬರೆದು ಕಳಿಸಿ. ಕಂಪನಿಗೆ ತನ್ನ ಗುರಿಯ ಮೇಲೆ ನಿಜವಾದ ಆಸೆ ಇದೆಯೋ ಇಲ್ಲವೋ ಅನ್ನೋದು ಆ ಸಾಲಿಗೆ ಏನು ಉತ್ತರ ಬರುತ್ತದೆ ಅನ್ನೋದರಲ್ಲಿ ಗೊತ್ತಾಗುತ್ತದೆ.

ನೀರಿನ ಕಾಲಂ ನಿಮಗೆ ಚಿಕ್ಕದು, ಕೂಲೆಂಟ್‌ಗೆ ಎಷ್ಟು, ಕುಡಿಯೋಕೆ, ತೊಳೆಯೋಕೆ ಎಷ್ಟು ಅಂತ ಟ್ಯಾಂಕರ್ ರಸೀದಿ ನೋಡಿ ಬರೆದರೆ ಸಾಕು. ಆದರೆ ದೊಡ್ಡ ಕಂಪನಿಗಳು ‘ವಾಟರ್ ಪಾಸಿಟಿವ್’ ಅಂತ ಬರೆದುಕೊಳ್ಳುತ್ತವಲ್ಲ, ಅಂದರೆ ಬಳಸಿದ್ದಕ್ಕಿಂತ ಜಾಸ್ತಿ ನೀರು ಭೂಮಿಗೆ ಮರಳಿಸುತ್ತೇವೆ ಅಂತ, ಅದನ್ನು ಕೇಳಿದಾಗ ಹುಬ್ಬಳ್ಳಿ-ಧಾರವಾಡದವರು ಒಂದು ಪ್ರಶ್ನೆ ಕೇಳಲೇಬೇಕು. ಎಲ್ಲಿ ಮರಳಿಸಿದ್ರಿ? ನಮಗೆ ನೀರು ಬರೋದು ಮಲಪ್ರಭೆಯಿಂದ, ಎಷ್ಟೋ ಓಣಿಗಳಲ್ಲಿ ವಾರಕ್ಕೊಮ್ಮೆ ನಲ್ಲಿ ಬಂದರೆ ಪುಣ್ಯ. ಕಾರ್ಖಾನೆ ಒಂದು ಕಡೆ, ಕೆರೆ ಹೂಳೆತ್ತಿದ್ದು ಇನ್ನೊಂದು ರಾಜ್ಯದಲ್ಲಿ ಅಂದರೆ ಅದು ಪುಣ್ಯದ ಕೆಲಸ ಸರಿ, ಇಲ್ಲಿನ ಬೋರ್‌ವೆಲ್‌ಗೆ ಏನೂ ಬರಲಿಲ್ಲ. ನೀರಿನ ಲೆಕ್ಕ ಅದೇ ಹಳ್ಳ, ಅದೇ ನದಿಯ ಪಾತ್ರದಲ್ಲಿ ಆಗಬೇಕು.

ಕರೆಂಟಿನದು ಸ್ವಲ್ಪ ಬೇರೆ. ಗದಗದ ಕಡೆ ಹೋದರೆ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಕಾಣುತ್ತವಲ್ಲ, ಅಂಥಲ್ಲಿ ಹುಟ್ಟಿದ ಕರೆಂಟನ್ನು ದೂರದ ಕಾರ್ಖಾನೆ ಗ್ರಿಡ್ ಮೂಲಕ ಕೊಳ್ಳಬಹುದು. ತಮ್ಮ ಚಾವಣಿಯ ಮೇಲೆ ಸೌರ ಫಲಕ ಹಾಕಬಹುದು. ಮೂರನೆಯದು, ಬರೀ ಪ್ರಮಾಣಪತ್ರ ಕೊಳ್ಳೋದು. ಕರೆಂಟು ಮೊದಲಿನಂತೆಯೇ ಬರುತ್ತದೆ, ಎಲ್ಲೋ ಆಗಲೇ ಹುಟ್ಟಿದ ಹಸಿರು ಯೂನಿಟ್‌ಗಳ ಕಾಗದ ಇವರ ಹೆಸರಿಗೆ ಬರುತ್ತದೆ. ಮೂರನ್ನೂ ‘ನವೀಕರಿಸಬಹುದಾದ ಶಕ್ತಿ’ ಅಂತಲೇ ಬರೆಯುತ್ತಾರೆ. ನಾನಾದರೆ ಮೊದಲೆರಡಕ್ಕೆ ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ, ಅಲ್ಲಿ ಹೊಸದಾಗಿ ಏನೋ ಕಟ್ಟಿರುತ್ತಾರೆ.

‘ಹೇಳಿದ ಮಾತು ತಪ್ಪೋದಿಲ್ವಾ’ ಅಂತ ನಿಮ್ಮ ಮಗ ಕೇಳಬಹುದು. ತಪ್ಪುತ್ತಾರೆ. ವೋಲ್ವೊ ಕಾರ್ಸ್ 2021ರಲ್ಲಿ, 2030ಕ್ಕೆ ಬರೀ ಎಲೆಕ್ಟ್ರಿಕ್ ಕಾರನ್ನೇ ಮಾರುತ್ತೇವೆ ಅಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಸಡಿಲಿಸಿತು, 90ರಿಂದ 100% ಅಂತ ಮಾಡಿ ಪ್ಲಗ್-ಇನ್ ಹೈಬ್ರಿಡ್‌ಗಳನ್ನೂ, ಅಂದರೆ ಚಾರ್ಜ್ ಮಾಡಿದ ಬ್ಯಾಟರಿ ಜೊತೆ ಎಂಜಿನ್ನೂ ಇರುವ ಕಾರುಗಳನ್ನೂ, ಸೇರಿಸಿಕೊಂಡಿತು. (ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ನಮ್ಮ ಚಿಗರಿ ಬಸ್ಸಿನ ವೋಲ್ವೊ ಬೇರೆ, ಇದು ಬೇರೆ. ಕಾರಿನ ಕಂಪನಿ 1999ರಲ್ಲೇ ಬಸ್-ಲಾರಿ ಕಂಪನಿಯಿಂದ ಬೇರೆಯಾಗಿದೆ.) ಬಹಿರಂಗವಾಗಿ ಹೇಳಿ ಬದಲಾಯಿಸಿದರು, ಕಾರಣವನ್ನೂ ಕೊಟ್ಟರು, ಅದು ಒಂದು ಥರ. ಫೋಕ್ಸ್‌ವ್ಯಾಗನ್ ಮಾಡಿದ್ದು ಇನ್ನೊಂದು ಥರ. ಪರೀಕ್ಷೆ ನಡೆಯುವಾಗ ಮಾತ್ರ ವಿಷಕಾರಿ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರನ್ನು ಡೀಸೆಲ್ ಕಾರುಗಳಲ್ಲಿ ಹಾಕಿದ್ದು 2015ರಲ್ಲಿ ಬಯಲಾಯಿತು, ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ವಾಹನ. ಅದನ್ನು ಹಿಡಿದದ್ದು ಕಂಪನಿಯ ವರದಿ ಓದಿದವರಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಕಾರನ್ನು ರಸ್ತೆಗಿಳಿಸಿ, ಹೊಗೆ ಕೊಳವೆಗೆ ಯಂತ್ರ ಕಟ್ಟಿ ಅಳೆದಿದ್ದರು. ಹೊರಗಿನವರು ಅಳೆಯದಿದ್ದರೆ ಆ ಮೋಸ ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ.

ರೇಟ್ ಕಡಿಮೆ ಮಾಡುತ್ತಾರೆ ಅನ್ನೋ ನಿಮ್ಮ ಭಯ ಸುಳ್ಳಲ್ಲ. ಕರೆಂಟ್ ಎಷ್ಟು ಅಂತ ಗೊತ್ತಾದರೆ ನಿಮ್ಮ ಖರ್ಚಿನ ಲೆಕ್ಕ ಅವರಿಗೆ ತಿಳಿಯುತ್ತದೆ. ಅದಕ್ಕೆ ಹೀಗೆ ಮಾಡಿ. ರೂಪಾಯಿ ಬರೆಯಬೇಡಿ, ಯೂನಿಟ್ ಮಾತ್ರ ಬರೆಯಿರಿ. ಬೇರೆ ಗಿರಾಕಿಯ ಕೆಲಸವೂ ಅದೇ ಶಾಪಿನಲ್ಲಿ ನಡೆಯುತ್ತಿದ್ದರೆ ಇವರ ಕೆಲಸದ ಮಷೀನ್ ಅವರ್ಸ್ ಎಷ್ಟೋ ಅಷ್ಟು ಪಾಲನ್ನು ಮಾತ್ರ ತೋರಿಸಿ, ಹೇಗೆ ಭಾಗ ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ. ಈ ಅಂಕಿ ಪರಿಸರ ವರದಿಗೆ ಮಾತ್ರ, ದರದ ಮಾತುಕತೆಗಲ್ಲ ಅಂತ ಮೇಲಿನ ಪತ್ರದಲ್ಲೇ ಹೇಳಿಬಿಡಿ. ಮೀಟಿಂಗ್‌ನಲ್ಲಿ ಎದ್ದು ನಿಂತು ಇದನ್ನೂ ಕೇಳಿ: ನಾವು 20 ಕಿಲೋವ್ಯಾಟ್ ಸೌರ ಫಲಕ ಹಾಕಿದರೆ ದಿನಕ್ಕೆ ಕಿಲೋವ್ಯಾಟಿಗೆ ಸುಮಾರು 4 ಯೂನಿಟ್‌ನಂತೆ ತಿಂಗಳಿಗೆ 2400 ಯೂನಿಟ್ ಬರುತ್ತದೆ, ಆ ಹಣ ನಾವು ಹಾಕುತ್ತೇವೆ, ಇಳಿದ ಹೊಗೆ ನಿಮ್ಮ ವರದಿಯಲ್ಲೂ ಬರುತ್ತದೆ, ಅದಕ್ಕೆ ಬದಲಾಗಿ ಮೂರು ವರ್ಷದ ಆರ್ಡರ್ ಬರೆದುಕೊಡುತ್ತೀರಾ? ಈ ಪ್ರಶ್ನೆ ಕೇಳೋಕೆ ಸಂಕೋಚ ಬೇಡ. 2045ರ ಗುರಿ ಇಟ್ಟುಕೊಂಡವರು ಆರಾರು ತಿಂಗಳ ಆರ್ಡರ್ ಕೊಡುತ್ತಾ ಹೋದರೆ ಸಣ್ಣ ಶಾಪಿನವರು ಯಾವ ಧೈರ್ಯದ ಮೇಲೆ ಸಾಲ ಮಾಡಬೇಕು?

ಆದರೆ ಸೌರ ಫಲಕಕ್ಕಿಂತ ಮೊದಲು ಮಷೀನ್‌ಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ನೋಡಿ. ಸರಿಯಾಗಿ ನೋಡಿಕೊಳ್ಳದ ಶಾಪಿನಲ್ಲಿ 20ರಿಂದ 30% ಗಾಳಿ ಪೈಪು, ಕಪ್ಲಿಂಗ್, ಹಳೇ ಏರ್ ಗನ್‌ಗಳಲ್ಲೇ ಸೋರಿ ಹೋಗುತ್ತದೆ. ಭಾನುವಾರ ಶಾಪ್ ಬಂದ್ ಇದ್ದಾಗ ಹೋಗಿ. ಒಂದು ಮಷೀನೂ ಓಡಬಾರದು. ಕಂಪ್ರೆಸರ್ ಮಾತ್ರ ಆನ್ ಮಾಡಿ, ಲೈನಿನ ವಾಲ್ವ್‌ಗಳು ಎಂದಿನಂತೆ ತೆರೆದಿರಲಿ. ಪ್ರೆಶರ್ ತುಂಬಿದ ಮೇಲೆ ಅದು ಲೋಡ್ ಬಿಡುತ್ತದೆ, ಅಂದರೆ ಗಾಳಿ ಒತ್ತೋದು ನಿಲ್ಲಿಸುತ್ತದೆ. ಯಾರೂ ಗಾಳಿ ಬಳಸದಿದ್ದರೂ ಸ್ವಲ್ಪ ಹೊತ್ತಿಗೆ ಮತ್ತೆ ಲೋಡ್ ತಗೊಳ್ಳುತ್ತದೆ, ಅದೇ ಸೋರಿಕೆ. ಮೊಬೈಲ್‌ನಲ್ಲಿ ಸಮಯ ಹಿಡಿಯಿರಿ. ಒಂದೂವರೆ ನಿಮಿಷ ಲೋಡ್, ನಾಲ್ಕೂವರೆ ನಿಮಿಷ ಅನ್‌ಲೋಡ್ ಅಂದರೆ ಆರರಲ್ಲಿ ಒಂದೂವರೆ, 25% ಸೋರಿಕೆ. ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. 10 ಎಚ್‌ಪಿ ಕಂಪ್ರೆಸರ್ ಎರಡು ಶಿಫ್ಟ್ ಪೂರ್ತಿ ಲೋಡಿನಲ್ಲಿ ಓಡಿದರೆ ತಿಂಗಳಿಗೆ ಸುಮಾರು 3000 ಯೂನಿಟ್, ಅದರ ಕಾಲು ಭಾಗ 750 ಯೂನಿಟ್. ನಿಮ್ಮ ಜನರೇಟರಿನ 200 ಲೀಟರ್ ಡೀಸೆಲ್‌ನಷ್ಟೇ ಹೊಗೆ ಆ ತೂತುಗಳಿಂದ ಹೋಗುತ್ತಿದೆ. ಸೋಪಿನ ನೀರು ಹಚ್ಚಿ ಗುಳ್ಳೆ ಬರುವ ಜಾಗಕ್ಕೆಲ್ಲ ಸುಣ್ಣದಿಂದ ಗುರುತು ಮಾಡಿ. ಆಮೇಲೆ ಪ್ರೆಶರ್ ಎಷ್ಟಿಟ್ಟಿದ್ದೀರಿ ಅಂತ ನೋಡಿ. ಆರು ಬಾರ್ ಸಾಕಾಗುವ ಕಡೆ ಏಳು ಇಟ್ಟಿದ್ದರೆ ಆ ಒಂದು ಬಾರ್‌ಗೇ 6-7% ಕರೆಂಟ್ ಜಾಸ್ತಿ ಹೋಗುತ್ತದೆ.

ಈ ಭಾನುವಾರವೇ ಮಾಡಿ. ರಿಪೇರಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ತಾರೀಖು ಹಾಕಿ ಬರೆದಿಟ್ಟು ಫಾರ್ಮ್ ಜೊತೆ ಒಂದು ಪ್ರತಿ ಲಗತ್ತಿಸಿ, ನನಗೂ ಒಂದು ಪ್ರತಿ ಕಳಿಸಿ. ಕಂಪ್ರೆಸರ್ ಎಷ್ಟು ಎಚ್‌ಪಿ, ಟ್ಯಾಂಕ್ ಎಷ್ಟು ಲೀಟರಿನದು ಅಂತಲೂ ಬರೆಯಿರಿ.